ಗಾಳಿ ಗುಡಿಸಿದ ಏರು

ಚಿಕ್ಕಮ್ಮ,

ನೆವಾಡದ ಈ ಬೆಟ್ಟದಲ್ಲಿ ಇದು ನನ್ನ ಮೊದಲ ಚಳಿಗಾಲ. ಹಿಮ ಬಿದ್ದು ಕುರಿಗಳು ಹಸಿದಿದ್ದವು. ಕಣಿವೆಯಲ್ಲಿ ಕುರಿ ಮೇಯುವ ಸೇಜ್ ಎಂಬ ಪೊದೆಗಳು ಆಳೆತ್ತರಕ್ಕಿವೆ, ಅಲ್ಲಿಗೆ ಹೊಡೆಯೋಣ ಎಂದೆ. ನನ್ನ ಜೊತೆ ಕುರಿ ಕಾಯುವ ಪೆರುವಿನ ಹಿಲಾರಿಯೊ ಅಣ್ಣ ನಕ್ಕ.

"ಅಲ್ಲಿ ಬೆಚ್ಚಗಿರೋದು ನೀನು ಕಣಮ್ಮ. ಕುರಿ ಬರೀ ಹಿಮ ಮೇಯ್ಬೇಕಾಗುತ್ತೆ. ಮೇಲಕ್ಕೆ ನಡಿ."

"ಮೇಲೆ ಮೊಣಕಾಲುದ್ದದ ಗಿಡಾನೂ ಇಲ್ವಲ್ಲ ಅಣ್ಣಾ."

"ಕುರಿಯೇನು ಏಣಿ ಹಾಕ್ಕೊಂಡು ಮೇಯುತ್ತಾ?"

ಹತ್ತಿದೆವು. ಬೋಳು ಏರಿನ ಹಿಮವನ್ನೆಲ್ಲ ಗಾಳಿ ಗುಡಿಸಿಬಿಟ್ಟಿತ್ತು. ಕಲ್ಲುಗಳ ನಡುವೆ ಗೇಣುದ್ದದ ಕುಳ್ಳ ಸೇಜ್ ಗಿಡಗಳು, ಪಕ್ಕದಲ್ಲಿ ಗುಪ್ಪೆ ಗುಪ್ಪೆಯಾಗಿ ಒಣಹುಲ್ಲು. ಕುರಿಗಳು ಕತ್ತಲಾಗುವವರೆಗೂ ತಲೆ ಎತ್ತಲಿಲ್ಲ. ಹಿಮ ನಿಲ್ಲುವವರೆಗೆ ದಿನಾ ಅಲ್ಲೇ ಮೇಯಿಸಿದೆವು, ಒಂದೂ ಸಾಯಲಿಲ್ಲ.

ನನ್ನ ಕೈ ಬಿರಿದಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಉಣ್ಣೆಯ ಕೈಗವಸು ಕಳಿಸು.

ಶಾಲೆ ಬಿಟ್ಟ ನಾನು ಈಗ ಕಾಲೇಜು ಸೇರಿದ್ದೇನೆ ಎಂದು ಚರ್ಚಿನಲ್ಲಿ ಹೇಳುತ್ತಿದ್ದೀಯಂತೆ. ಬೇಡ. ಕುರಿ ಕಾಯುತ್ತಿದ್ದಾಳೆ ಎನ್ನು. ಒಂದೂ ಸಾಯಲಿಲ್ಲ ಎಂದೂ ಹೇಳು, ಆದರೆ ಏರಿನ ದಾರಿ ತೋರಿಸಿದ್ದು ಹಿಲಾರಿಯೊ ಅಣ್ಣ ಎಂದು ಸೇರಿಸು. ಇವತ್ತು ಮಾತ್ರ ಮಂದೆಯನ್ನು ಹತ್ತಿಸಿದವಳು ನಾನೊಬ್ಬಳೇ.

ಸಾಮಾನಿನ ಲಾರಿ ಹೊರಡುತ್ತಿದೆ, ಈ ಕಾರ್ಡು ಅದರಲ್ಲೇ ಹೋಗಬೇಕು.

ಮಿರೆನ್