ಕೈ ಎತ್ತಿದರೆ ನಿಲ್ಲುವ ಕಾರು

ಜೂನ್ 3
ಡ್ರೈವಿಂಗ್ ಸ್ಕೂಲಿನ ಕಸ ಗುಡಿಸಿ, ಕಾರು ಒರೆಸಿ ಮುಗಿಸುವಷ್ಟರಲ್ಲಿ ವಿಡಿಯೋ ಅಣ್ಣ ಕರೆದ. ಹೈಸ್ಕೂಲ್ ಮಕ್ಕಳಿಗೆ ರಸ್ತೆ ದಾಟುವ ಪಾಠದ ವಿಡಿಯೋ ತೆಗೆಯುತ್ತಿದ್ದಾನೆ. ಅದರಲ್ಲಿ ದಾಟಬೇಕಿದ್ದ ಹುಡುಗಿ ಬಂದಿಲ್ಲವಂತೆ.
"ನೀನೇ ದಾಟಮ್ಮ. ಮಾತಾಡೋದೇನಿಲ್ಲ, ಕೈ ಎತ್ತಿ ನಡೆದ್ರೆ ಸಾಕು."
ಮಾತಿಲ್ಲ ಅಂದಿದ್ದಕ್ಕೇ ಒಪ್ಪಿದೆ. ಕಾರು ತೆವಳಿಕೊಂಡು ಬಂತು. ನಾನೂ ತೆವಳಬೇಕು.
"ಇನ್ನೂ ನಿಧಾನ! ನಿನ್ನ ನೋಡಿ ಆಮೆಗೂ ಬೇಜಾರಾಗ್ಬೇಕು!"
ಆಮೇಲೆ ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸುತ್ತಾನಂತೆ.

ಜೂನ್ 9
ಮುಗಿದ ವಿಡಿಯೋ ನೋಡಿದೆ. ಕಾರು ಬಾಣದ ಹಾಗೆ ಬರುತ್ತದೆ. ಕೈ ಎತ್ತುತ್ತೇನೆ. ಗಕ್ಕನೆ ನಿಲ್ಲುತ್ತದೆ — ಮೊಣಕಾಲಿಗೆ ಒಂದು ಗೇಣು ದೂರದಲ್ಲಿ. ನನ್ನ ಮುಖದಲ್ಲಿ ಹೆದರಿಕೆಯೇ ಇಲ್ಲ. ಯಾಕಿರುತ್ತೆ?

ಜೂನ್ 17, ಸಂಜೆ
ತಂಗಿ ಒಂಬತ್ತನೇ ಕ್ಲಾಸು. ಅವಳ ಶಾಲೆಯಲ್ಲೂ ಆ ಪಾಠ ತೋರಿಸಿದ್ದಾರೆ. ಮಾರ್ಕೆಟ್ ರೋಡಿನಲ್ಲಿ ನನ್ನ ಕೈ ಬಿಡಿಸಿಕೊಂಡಳು, ತನ್ನ ಕೈ ಎತ್ತಿದಳು, ಇಳಿದೇಬಿಟ್ಟಳು. ಹಾಲಿನ ವ್ಯಾನ್ ಓರೆಯಾಗಿ, ಕಿರುಚಿಕೊಂಡು ನಿಂತಿತು. ಡ್ರೈವರ್ ಬಾಯಿಗೆ ಬಂದಂತೆ ಬೈದ. ಇವಳು ನಗುತ್ತಾಳೆ!
"ನಿಂತ್ತಲ್ಲಕ್ಕ! ನಿಂಗೂ ನಿಂತಿರ್ಲಿಲ್ವಾ? ನಮ್ ಕ್ಲಾಸಲ್ಲಿ ಎಲ್ರೂ ಮಾಡ್ತಾರೆ. ಗಾಡಿ ಯಾರ ತೀರಾ ಹತ್ರಕ್ಕೆ ಬಂದು ನಿಲ್ಲುತ್ತೋ ಅವ್ರೇ ಗೆದ್ದ ಹಾಗೆ."
"ಅದು ಸುಳ್ಳು ಕಣೇ. ಕಾರು ಆಮೆ ಥರ ಬಂದಿದ್ದು."
"ಹೋಗಕ್ಕ. ಕಣ್ಣಾರೆ ನೋಡಿದೀವಿ."
ಅಮ್ಮನಿಗೆ ಹೇಳಿಲ್ಲ. ಹೇಗೆ ಹೇಳಲಿ...

ಜೂನ್ 18
ವಿಡಿಯೋ ಅಣ್ಣನಿಗೆ ಹೇಳಿದೆ. ಅರ್ಧವನ್ನಷ್ಟೇ ಹೇಳಲಾಯಿತು. ಅಷ್ಟಕ್ಕೇ ಅವನ ಮುಖ ಬಿಳಿಚಿಕೊಂಡಿತು.
"ಶಾಲೆಗಳಿಂದ ಅದನ್ನ ತೆಗೆಸ್ತೀನಿ. ಆದ್ರೆ ಎಷ್ಟು ಫೋನಿಗೆ ಹೋಗಿದ್ಯೋ... ನಾ ಹೇಳಿದ್ರೆ ನಂಬಲ್ಲ ಅವ್ರು. ನೀನೇ ಹೇಳ್ಬೇಕಮ್ಮ. ಅದ್ರಲ್ಲಿರೋಳು ನೀನು."
ನಾನು? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹಾಜರಿ ಕೂಗಿದರೂ ದನಿ ಏಳುತ್ತಿರಲಿಲ್ಲ.

ಜೂನ್ 19, ಮಧ್ಯಾಹ್ನ
ತಂಗಿಯ ಶಾಲೆ. ಕ್ಲಾಸಿನ ಹೊರಗೆ ಬೆಂಚು. ಮೇಷ್ಟ್ರು ಕರೆಯುವ ತನಕ ಕೂರಬೇಕು. ಹೇಳಬೇಕಾದ್ದನ್ನು ಬರೆದುಕೊಳ್ಳೋಣ ಎಂದರೆ ಒಂದು ಸಾಲೂ ಬರುತ್ತಿಲ್ಲ. ಬೆಲ್ ಹೊಡೆದರೆ ಇವರೆಲ್ಲ ಇಳಿಯುವುದು ಅದೇ ಮಾರ್ಕೆಟ್ ರೋಡಿಗೆ.
ಯಾರೋ ಕಿಟಕಿಯಿಂದ ನೋಡಿಬಿಟ್ಟರು. "ಲೋ, ಆ ಅಕ್ಕ ಕಣ್ರೋ!" ಇಡೀ ಕ್ಲಾಸೇ ಈ ಕಡೆ ತಿರುಗಿದೆ. ತಂಗಿಗೆ ಹೆಮ್ಮೆಯೋ ಹೆಮ್ಮೆ. ನಗುತ್ತ, ಒಬ್ಬೊಬ್ಬರಾಗಿ, ನನ್ನ ಹಾಗೆಯೇ... ಕೈ ಎತ್ತುತ್ತಿದ್ದಾರೆ.
ಮೇಷ್ಟ್ರು ಕರೆದರು. ಮೊದಲ ಮಾತು ಏನೆಂದು ಇನ್ನೂ ಗೊತ್ತಿಲ್ಲ, ಏಳುತ್ತಿದ್ದೇನೆ—