ಇಳಿಜಾರಿನ ಬ್ರೇಕು

ಚಿತ್ತವಾಡ್ಗಿ, ಹೊಸಪೇಟೆ
೧೪ ನವೆಂಬರ್ ೨೦೦೮

ಪ್ರೀತಿಯ ಅಳಿಯ ಮಲ್ಲೇಶನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮೈ ಹೇಗಿದೆ? ಜೈಲಿನ ಅನ್ನ ಈಗಲಾದರೂ ಹೊಟ್ಟೆಗೆ ಒಗ್ಗಿತೇ? ಮೊಣಕಾಲು ನೋವಿಗೆ ಕೊಟ್ಟ ಎಣ್ಣೆಯನ್ನು ಒಳಗೆ ಬಿಟ್ಟರೋ ಇಲ್ಲವೋ? ನಾನಂತೂ ಗಟ್ಟಿಯಾಗಿದ್ದೇನೆ. ಅದಿರಿನ ಧೂಳಿಗೆ ಸೀನಿದರೂ ಕೆಂಪು, ಉಗುಳಿದರೂ ಕೆಂಪು, ಅಷ್ಟೆ. ಸಂಡೂರಿನ ಅದಿರು ಲಾರಿಗಳಲ್ಲಿ ಅರ್ಧ ನನ್ನ ಶೆಡ್ಡಿಗೇ ರಿಪೇರಿಗೆ ಬರುತ್ತವೆ. ಉಳಿದರ್ಧಕ್ಕೆ ನನ್ನ ವಿಳಾಸ ಗೊತ್ತಿಲ್ಲ.

ನಿನ್ನ ಅವ್ವ ಕೊಟ್ರಮ್ಮ, ನೀನು ಪೆರೋಲಿನ ಮೇಲೆ ಬರುತ್ತೀಯೆಂದು ಮನೆಗೆ ಸುಣ್ಣ ಬಳಿಸಿ ಓಣಿಗೆಲ್ಲ ಹೇಳಿ ಬಂದಿದ್ದಾಳೆ. ಸೋಮವಾರ ಜೈಲಿನಲ್ಲಿ ನಿಮ್ಮ ಮನಸ್ಸಿನ ಚಿಕಿತ್ಸೆ ನೋಡಿಕೊಳ್ಳುವ ಶ್ರೀಪ್ರಿಯಾ ಮೇಡಂ ನನ್ನನ್ನು ಕರೆಸಿದ್ದರು. ಪೆರೋಲ್ ಕೊಡುವ ಮುಂಚೆ, ಮೂರು ವರ್ಷದಲ್ಲಿ ನೀನು ಎಷ್ಟು ಬದಲಾಗಿದ್ದೀ ಎಂದು ಮನೆಯವರನ್ನೂ ಕೇಳಬೇಕಂತೆ. ನಾನು ಬಿಡುತ್ತೇನೆಯೇ? "ಪೂರಾ ಸುಧಾರಿಸ್ಯಾನ್ರಿ ಮೇಡಂ. ಬೀಡಿ ಬಿಟ್ಟಾನ, ವಿಭೂತಿ ಹಚ್ಕೊಂತಾನ, ತಲಿ ಎತ್ತಿ ಮಾತಾಡಂಗಿಲ್ಲ. ಎಂಜಿನ್ ಸದ್ದು ಕೇಳಿ ರೋಗ ಹೇಳಾವ ನಾನು, ನನ್ನ ಅಳಿಯ ಗೊತ್ತಾಗಂಗಿಲ್ಲೇನ್ರಿ?" ಎಂದೆ. ಆಕೆ ನಕ್ಕು, "ಬ್ರೇಕ್ ರಿಪೇರಿ ಆಗಿದೆ ಅಂತ ಹೇಗೆ ನೋಡ್ತೀರಿ, ಯಜಮಾನ್ರೇ?" ಅಂದರು. "ಲೋಡ್ ಹಾಕಿ ಇಳಿಜಾರಿಗೆ ಬಿಡಬೇಕ್ರಿ. ನಿಂತ ಲಾರಿ ಬ್ರೇಕ್ ಯಾರಿಗೆ ಗೊತ್ತಾಕೈತಿ?" ಎಂದು ಮೀಸೆ ತಿರುವಿದೆ. ಆಕೆ ಈ ಸಲ ನಗಲಿಲ್ಲ. "ಇವನು ಇಲ್ಲಿ ನಿಂತ ಲಾರಿ. ಬಿಟ್ಟು ನೋಡೋಣ ಅಂದ್ರೆ ಹೊರಗೆ ಜಂಬವ್ವ ಇದ್ದಾಳೆ. ಅವಳ ಬಗ್ಗೆ ನಿಮ್ಮ ಮುಂದೆ ಏನಂತಾನೆ, ಅದನ್ನ ಹೇಳಿ," ಅಂದರು.

ಅದಿರಿನ ಯಾರ್ಡಿನಲ್ಲಿ ನೀನು ಬಲಾತ್ಕಾರ ಮಾಡಿದ ಆ ಹೆಣ್ಣುಮಗಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹೋದ ತಿಂಗಳು ಜೈಲಿಗೆ ನೋಡಲು ಬಂದಾಗ ಜಾಳಿಗೆಯಾಚೆಯಿಂದ ನೀನು ಅಂದದ್ದು ನೆನಪಾಯಿತು: "ಆಕಿ ನಕ್ಕಳಲ್ಲ ಮಾವ, ಇಲ್ಲಾಂದ್ರ ನಾ ಯಾಕ ಹಂಗ ಮಾಡ್ತಿದ್ದೆ?" ಪೊಲೀಸರು ಹಿಡಿದೊಯ್ದ ದಿನವೂ ಇದೇ ಮಾತು, ಒಂದಕ್ಷರ ಬದಲಿಲ್ಲ. ಲೇ ಮಲ್ಲ್ಯಾ, ತೊಡೆಯ ಮೇಲೆ ಕೂಡಿಸಿಕೊಂಡು ನಿನಗೆ ಸ್ಟೇರಿಂಗ್ ಹಿಡಿಸಿದ ಕೈ ಇದು, ಈ ಕಾಗದ ಬರೆಯುತ್ತಿರುವುದೂ ಇದೇ.

ನಿನ್ನ ಅತ್ತೆ ಶೇಂಗಾ ಚಟ್ನಿ ಕಳಿಸಿದ್ದಾಳೆ, ಹಂಚಿಕೊಂಡು ತಿನ್ನು. ಹಂಪಿಯ ವಿರೂಪಾಕ್ಷ ನಿನಗೆ ಬುದ್ಧಿ, ಆಯುಷ್ಯ ಎರಡೂ ಕೊಡಲಿ. ಬುದ್ಧಿ ಮೊದಲು.

ಇಂತಿ ನಿನ್ನ ಮಾವ,
ಕೊಟ್ರಬಸಪ್ಪ

ವಿ.ಸೂ.: ನಿನ್ನ ಆ ಮಾತನ್ನು ಮೇಡಂಗೆ ಹೇಳಿಬಿಟ್ಟೆ. ಈ ಸಲ ಪೆರೋಲ್ ಇಲ್ಲ. ನಿನ್ನ ಅವ್ವನಿಗೆ ತಿಳಿಸುವ ಧೈರ್ಯ ಇನ್ನೂ ಬಂದಿಲ್ಲ. ಜಂಬವ್ವ ಹೋದ ವರ್ಷದಿಂದ ಓಣಿಯ ನಳಕ್ಕೆ ಒಬ್ಬಳೇ ಬರತೊಡಗಿದ್ದಳು. ನೀನು ಬರುವ ಸುದ್ದಿ ಹಬ್ಬಿದಾಗಿನಿಂದ ಮತ್ತೆ ತನ್ನ ಅವ್ವನ ಕೈ ಹಿಡಿದುಕೊಂಡು ಬರುತ್ತಿದ್ದಾಳೆ.