ಪ್ಲಾಸ್ಟಿಕ್ ತಲೆಗಿರುವ ಭಾಗ್ಯ ನನ್ನ ತಲೆಗೇಕಿಲ್ಲ?

ಸ್ಕ್ಯಾನ್ ಕಂಪ್ಯೂಟರಿನ ಮೇಲಧಿಕಾರಿಗಳಾದ ಮಾನ್ಯರೇ,

ನನಗೆ ಹೊಟ್ಟೆಕಿಚ್ಚು. ನಿಮ್ಮ ಆಸ್ಪತ್ರೆಯ ಪ್ಲಾಸ್ಟಿಕ್ ತಲೆಯೊಂದರ ಮೇಲೆ ತಡೆಯಲಾರದ ಹೊಟ್ಟೆಕಿಚ್ಚು. ಐವತ್ತೆರಡು ವರ್ಷ ಬಾಳಿದ್ದೇನೆ. ನೆರೆಯವರ ಟೆಲಿಫೋನನ್ನೂ ಷಡ್ಡಕನ ಸ್ಕೂಟರನ್ನೂ ಕಂಡು ಕರುಬಿದ್ದೇನೆ. ಆದರೆ ಕಣ್ಣು, ಮೂಗು, ಬಾಯಿ ಒಂದೂ ಇಲ್ಲದ, ನೀರು ತುಂಬಿದ ಡಬ್ಬಿಯನ್ನು ಕಂಡು ಕರುಬುವ ಗತಿ ಬಂದದ್ದು ಈ ೧೯೮೭ರಲ್ಲಿ, ತಮ್ಮ ಕೃಪೆಯಿಂದ.

ಆರ್.ಟಿ. ನಗರದ ಬಸ್ ನಿಲ್ದಾಣದಲ್ಲಿ ಎರಡು ಸಲ ತಲೆಸುತ್ತಿ ಬಿದ್ದ ಮೇಲೆ ಹೆಬ್ಬಾಳದ ನಿಮ್ಮ ಆಸ್ಪತ್ರೆಗೆ ಬಂದೆ. ತೋಳಿಗೆ ಐಸೊಟೋಪ್ ಎಂಬ ವಿಕಿರಣದ ಮದ್ದು ಚುಚ್ಚಿದಿರಿ. ಕ್ಯಾಮೆರಾ ನನ್ನ ತಲೆಗೆ ಪ್ರದಕ್ಷಿಣೆ ಬಂತು. ಆ ತಲೆಗೆ ಮನೆಯಲ್ಲಿ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಕ್ಯಾಮೆರಾ ಸುತ್ತಲಿಂದ ಕಂಡದ್ದೆಲ್ಲ ಟೇಪಿಗೆ ಇಳಿಯಿತು. ಅದನ್ನು ಲೆಕ್ಕ ಹಾಕಿ ಮೆದುಳಿನ ಚಿತ್ರ ಕಟ್ಟಿಕೊಡುವುದು ಕಂಪ್ಯೂಟರಿನ ಕೆಲಸ. ಚಿತ್ರದಲ್ಲಿ ಎಡಗಿವಿಯ ಹಿಂದೆ ಒಂದು ಕಪ್ಪು ಚುಕ್ಕೆ. "ಗಡ್ಡೆ ಇರಬಹುದು, ಸೋಮವಾರ ತೆಗೆದು ನೋಡೋಣ" ಎಂದರು ಸರ್ಜನ್, ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವಷ್ಟು ಸಲೀಸಾಗಿ.

ಹೊರಬರುವಾಗ, ಅತಿಥಿಗಳು ಮೆಚ್ಚಲೆಂದು ನೀವು ಕಾರಿಡಾರಿನಲ್ಲಿ ತೂಗುಹಾಕಿದ ಎರಡು ಚಿತ್ರಗಳ ಮುಂದೆ ನನ್ನ ಹೆಂಡತಿ ಪಂಕಜಾ ನಿಂತಳು. ಎರಡೂ, ಯಂತ್ರವನ್ನು ಪರೀಕ್ಷಿಸಲೆಂದು ನೀವಿಟ್ಟುಕೊಂಡ ಆ ಪ್ಲಾಸ್ಟಿಕ್ ತಲೆಯವೇ. ಒಂದರಡಿ 'ಶೀಘ್ರ ಲೆಕ್ಕ: ನಾಲ್ಕು ನಿಮಿಷ', ಇನ್ನೊಂದರಡಿ 'ನಿಧಾನ ಲೆಕ್ಕ: ಐದು ಗಂಟೆ'. ಅವಳದು ಇಪ್ಪತ್ತೈದು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು.

"ರೀ, ಇದ್ರಲ್ಲಿ ಮೂರು ಚುಕ್ಕೆ, ಇದ್ರಲ್ಲಿ ನಾಲ್ಕು! ಒಂದೇ ತಲೆ ಅಲ್ವೇನ್ರೀ?"

ಯಂತ್ರ ನಡೆಸುವವರು ಅಲ್ಲೇ ಇದ್ದರು. ಅವರ ಹೆಸರು ಹೇಳುವುದಿಲ್ಲ. ನಿಮ್ಮಲ್ಲಿ ಆ ಕೆಲಸಕ್ಕಿರುವುದು ಒಬ್ಬರೇ ಆದ್ದರಿಂದ ಗುಟ್ಟು ಭದ್ರವಾಗಿದೆ.

"ನಾವು ಒಳಗಿಟ್ಟಿದ್ದು ಮೂರೇ ಗುಂಡು ಕಣಮ್ಮಾ. ನಾಲ್ಕನೇದು ಬೇಗ ಲೆಕ್ಕ ಹಾಕಿದ್ದಕ್ಕೆ ಬಂದಿದ್ದು."

"ಎಡಗಿವಿ ಹಿಂದೇನೇ ಇದ್ಯಲ್ಲ! ನಮ್ಮನೆಯವ್ರದ್ದೂ ಅಲ್ಲೇ. ಇವ್ರಿಗೆ ಯಾವ ಲೆಕ್ಕ ಹಾಕಿದ್ರಿ?"

"ಪೇಷೆಂಟ್‌ಗೆಲ್ಲಾ ಬೇಗದ್ದೇ. ನಿಧಾನದ್ದು ಬರೀ ಈ ಪ್ಲಾಸ್ಟಿಕ್‌ಗೆ."

"ಹಂಗಾದ್ರೆ ಇವ್ರ ಚುಕ್ಕೆ ತಲೇದೋ, ಲೆಕ್ಕದ್ದೋ?"

"ಹೆಂಗ್ ಹೇಳ್ಲಿ ಅಮ್ಮಾ? ಇದರೊಳಗೆ ಏನಿದೆ ಅಂತ ಗೊತ್ತು. ಸಾರ್ ತಲೇಲಿ ಏನಿದೆ ಅಂತ ಯಾರಿಗ್ ಗೊತ್ತು?"

"ನಂಗೇ ಇಪ್ಪತ್ತೈದು ವರ್ಷದಿಂದ ಗೊತ್ತಾಗಿಲ್ಲ ಬಿಡಿ" ಎಂದು ಪಂಕಜಾ ನಕ್ಕಳು. ಆಮೇಲೆ ಮನೆ ಮುಟ್ಟುವವರೆಗೆ ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ.

ಈಗ ಹೇಳಿ. ಒಳಗೇನಿದೆಯೆಂದು ಎಲ್ಲರಿಗೂ ಗೊತ್ತಿರುವ ತಲೆಗೆ ಐದು ಗಂಟೆ, ಯಾರಿಗೂ ಗೊತ್ತಿಲ್ಲದ ತಲೆಗೆ ನಾಲ್ಕು ನಿಮಿಷ: ಇದು ಯಾವ ನ್ಯಾಯ? ಆ ಮಹಾಶಯನಿಗೆ ಹೆಂಡತಿಯಿಲ್ಲ, ತಲೆಸುತ್ತಿಲ್ಲ, ಸೋಮವಾರವೂ ಇಲ್ಲ. ಆದರೂ ಅವನ ಟೇಪಿಗೆ ಬೀಗ ಹಾಕಿದ ಬೀರು. ನಮ್ಮಂಥವರ ಟೇಪುಗಳನ್ನು ಶನಿವಾರ ಶನಿವಾರ ಅಳಿಸಿ ಹೊಸ ರೋಗಿಗಳಿಗೆ ಬಳಸುತ್ತೀರಂತೆ. ತಮ್ಮ ಕಚೇರಿಯಲ್ಲಿ ವಿಚಾರಿಸಿದೆ. "ನಿಧಾನದ ಲೆಕ್ಕ ನಿಖರತೆಯ ಪರೀಕ್ಷೆಗೆ ಮಾತ್ರ, ರೋಗಿಗಳಿಗಲ್ಲ" ಎಂಬ ಅಪ್ಪಣೆಯಾಯಿತು. ಪರೀಕ್ಷಿಸಿದ ನಿಖರತೆಯನ್ನು ಮಡಿಸಿ ಎತ್ತಿಡಲು ಅದೇನು ಧಾರೆ ಸೀರೆಯೇ? ವಿದೇಶದಲ್ಲಿ ಪೆಟ್ ಎಂಬ ಇನ್ನೂ ಸೂಕ್ಷ್ಮವಾದ ಯಂತ್ರವಿದೆಯಂತೆ. ಅದನ್ನು ನಾನು ಕೇಳುತ್ತಿಲ್ಲ. ನನ್ನ ಹೊಟ್ಟೆಕಿಚ್ಚು ಹೆಬ್ಬಾಳ ದಾಟುವುದಿಲ್ಲ. ಮೇಲಾಗಿ, ಎಂಥ ಯಂತ್ರ ತಂದರೂ ಲೆಕ್ಕ ಅವಸರದ್ದಾದರೆ ಚುಕ್ಕೆಗಳಿಗೇನು ಬರ?

ಚುಕ್ಕೆ ನನ್ನದೇ ಆಗಿದ್ದರೆ ತಲೆ ಕೊಡಲು ಸಿದ್ಧ. ಕಂಪ್ಯೂಟರಿನ ಚುಕ್ಕೆಗೆ ನನ್ನ ಬುರುಡೆ ಯಾಕೆ ತೆರೆಯಬೇಕು? ಹೊಸ ಸೂಜಿ ಬೇಡ, ಹೊಸ ಸ್ಕ್ಯಾನೂ ಬೇಡ. ನನ್ನ ಟೇಪು ಇನ್ನೂ ಇದೆ. ಶನಿವಾರ ಅದನ್ನು ಅಳಿಸುವ ಮೊದಲು ಐದು ಗಂಟೆ ನಿಧಾನದ ಲೆಕ್ಕಕ್ಕೆ ಹಾಕಿ, ಬಂದ ಚಿತ್ರವನ್ನು ಸರ್ಜನ್ನರ ಮೇಜಿನ ಮೇಲಿಡಿ. ಚುಕ್ಕೆ ಉಳಿದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ತಲೆ ಬೋಳಿಸಿಕೊಂಡೇ ಬರುತ್ತೇನೆ. ಉಳಿಯದಿದ್ದರೆ ಮೊದಲು ಪಂಕಜಾಗೆ ತಿಳಿಸಿ. ನನಗೇನೂ ಹೆದರಿಕೆಯಿಲ್ಲ ಎಂದು ಅವಳಿಗೆ ಹೇಳಿಟ್ಟಿದ್ದೇನೆ. ದಯವಿಟ್ಟು ಅವಳೆದುರು ಅದನ್ನು ಅಲ್ಲಗಳೆಯಬೇಡಿ.

ಇಂತಿ,
ಶನಿವಾರದವರೆಗೆ ನಿಮ್ಮ ಟೇಪಿನಲ್ಲಿ ಉಳಿದಿರುವ
ವೇಣುಗೋಪಾಲ
ಆರ್.ಟಿ. ನಗರ